ಕೆಂಪು ನಗು

ಶಾಂಭವಿ ನಕ್ಕೊಡನೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿಟ್ಟಿದ್ದ ಪುಟ್ಟ ಬಿಲ್ಲೆ ಹಳದಿಯಾಗಿ ಹೊಳೆಯಿತು. ಶಾಂಭವಿ ನೋಡಿದಳು. ಅವಳ ಗಂಡ ವಿರೂಪಾಕ್ಷನೂ ನೋಡಿದ. ಊಟಕ್ಕೆ ಬಂದಿದ್ದ ಅವನ ಬ್ಯಾಂಕಿನ ಗೆಳೆಯರಿಬ್ಬರು ಮಾತ್ರ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುವುದರಲ್ಲಿ ಮುಳುಗಿದ್ದರು.

ವಿರೂಪಾಕ್ಷ ಹೇಳಿದ್ದು ಅವನ ಮಾಮೂಲಿ ಪ್ರಸಂಗ. ಮದುವೆಯಾದ ಹೊಸದರಲ್ಲಿ ಶಾಂಭವಿ ಮಾಡಿದ ಉಪ್ಪಿಟ್ಟನ್ನು ಅವನ ಅಪ್ಪ ಗೋಡೆಯ ಬಿರುಕಿಗೆ ಮೆತ್ತಿದರಂತೆ. ಅಂಥದ್ದೇನೂ ನಡೆದಿರಲಿಲ್ಲ. ಆದರೆ ಹೇಳಿ ಹೇಳಿ ಈಗ ಆ ಗೋಡೆಯೂ ಬಿರುಕೂ ಅವಳ ಕಣ್ಣಿಗೇ ಕಾಣುವಂತಾಗಿತ್ತು. "ಇವಳು ಧ್ವನಿ ಮ್ಯಾಲೆ ಡಾಕ್ಟರೇಟ್ ಮಾಡಿದ್ಳು, ರವಾ ಮ್ಯಾಲೆ ಮಾಡ್ಲಿಲ್ಲ ನೋಡ್ರಿ" ಎಂಬ ಕೊನೆಯ ಸಾಲು ಬಂದೊಡನೆ ಎಲ್ಲರಿಗಿಂತ ಮೊದಲು ನಗುವವಳು ಶಾಂಭವಿಯೇ. ಅವಳು ನಕ್ಕರೆ ಮಾತ್ರ ಅತಿಥಿಗಳಿಗೆ ನಗಲು ಧೈರ್ಯ. ಅದು ಅವಳಿಗೂ ಗೊತ್ತಿತ್ತು. ಸಾರಿಗೆ ಯಾವಾಗ ಒಗ್ಗರಣೆ ಹಾಕಬೇಕೆಂದು ಕೈಗೆ ತಾನಾಗಿ ತಿಳಿಯುವಂತೆ, ಆ ಸಾಲಿಗೆ ಯಾವಾಗ ನಗಬೇಕೆಂದು ಅವಳ ಗಂಟಲಿಗೆ ತಿಳಿದಿತ್ತು.

ಗೆಳೆಯರು ಹೋದ ಮೇಲೆ ವಿರೂಪಾಕ್ಷ ಬಿಲ್ಲೆಯನ್ನು ಎತ್ತಿಕೊಂಡು ತಿರುಗಿಸಿ ನೋಡಿದ.

"ಇದು ಕೆಟ್ಟೈತೇನು?"

"ಇಲ್ಲ. ಪರೀಕ್ಷೆಗಂತ ಲ್ಯಾಬಿನಿಂದ ತಂದೀನಿ. ಸರಿ ಐತಿ."

"ಅಂದ್ರ ನೀ ಇಷ್ಟು ವರ್ಷ ಸುಳ್ಳ ನಕ್ಕಿ."

"ಸುಳ್ಳಲ್ಲ."

"ಮತ್ತೇನು?"

ಶಾಂಭವಿ ತಾಟುಗಳನ್ನು ಒಂದರ ಮೇಲೊಂದು ಇಡುತ್ತ ಯೋಚಿಸಿದಳು. "ನೀವು ಮಂದಿ ಮುಂದ ಕೈ ಚಾಚತೀರಿ. ನಾ ಹಿಡ್ಕೋತೀನಿ. ಅಷ್ಟ."

"ಖರೇ ನಗು ಒಮ್ಮೆನೂ ಬಂದಿಲ್ಲೇನು?"

"ಮೊದಲನೇ ಸಲ ಬಂದಿರಬೇಕು," ಎಂದಳು. ಅದಾದರೂ ನಿಜವೇ ಎಂದು ಅವಳಿಗೆ ನೆನಪಾಗಲಿಲ್ಲ.

ವಿರೂಪಾಕ್ಷ ಕೆಟ್ಟವನಲ್ಲ. ಸಿಟ್ಟೂ ಮಾಡಲಿಲ್ಲ. ಆವತ್ತಿನಿಂದ ತಮಾಷೆ ಮಾಡುವುದನ್ನು ನಿಲ್ಲಿಸಿಬಿಟ್ಟ, ಅಷ್ಟೇ. ಮನೆಯಲ್ಲಿ ಮಿಕ್ಸರಿನ ಸದ್ದು, ನಲ್ಲಿಯ ಸದ್ದು, ವಾರ್ತೆಯ ಸದ್ದು ಉಳಿದವು. ಅವನ ಮಾತುಗಳಿಲ್ಲವೆಂದು ತನಗೆ ಬೇಸರವಾಗಬೇಕಿತ್ತಲ್ಲ ಎಂದು ಶಾಂಭವಿ ಕಾದಳು. ಆಗಲಿಲ್ಲ. ಬೇಸರವಾದದ್ದು ಇನ್ನೊಂದಕ್ಕೆ: ತನ್ನ ನಗು ಯಾವುದೆಂದು ಕೇಳಿದರೆ ತೋರಿಸಲು ತನ್ನ ಹತ್ತಿರ ಒಂದೂ ಇಲ್ಲವಲ್ಲ ಎಂಬುದಕ್ಕೆ.

ಬಿಲ್ಲೆಯ ನಿಜವಾದ ಹೆಸರು ನಗೆಸೂಚಿ. ಧಾರವಾಡದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಅದನ್ನು ರೂಪಿಸಿದ ತಂಡಕ್ಕೆ ಶಾಂಭವಿಯೇ ಮುಖ್ಯಸ್ಥೆ. ಅದರ ಹಿಂದಿನ ವಿಚಾರ ಸರಳ. ನಗು ಗಂಟಲಿಗೆ ಬರಲು ಮಿದುಳಿನಿಂದ ಎರಡು ದಾರಿಗಳಿವೆ. ಒಂದು ಬಹಳ ಹಳೆಯದು, ಮಾತು ಹುಟ್ಟುವುದಕ್ಕೂ ಮೊದಲಿನದು. ಮಂಗಗಳು ಒಂದಕ್ಕೊಂದು ಕಚಗುಳಿಯಿಟ್ಟು ಏದುಸಿರು ಬಿಡುವುದು ಅದೇ ದಾರಿಯಿಂದ. ಆ ನಗು ನಮ್ಮನ್ನು ಕೇಳುವುದಿಲ್ಲ. ಉಸಿರನ್ನು ದಬ್ಬುತ್ತದೆ, ಧ್ವನಿಯನ್ನು ಏರಿಸುತ್ತದೆ, ನಡುನಡುವೆ ಬರೀ ಗಾಳಿಯಾಗುತ್ತದೆ. ಇನ್ನೊಂದು ಮಾತಿನ ದಾರಿ. ಅದರಲ್ಲಿ ಬರುವ ನಗುವನ್ನು ನಾವೇ ಮಾಡುತ್ತೇವೆ, ಬೇಕಾದಲ್ಲಿ ಶುರುಮಾಡಿ ಬೇಕಾದಲ್ಲಿ ನಿಲ್ಲಿಸುತ್ತೇವೆ. ಮೊದಲನೆಯದಕ್ಕೆ ಬಿಲ್ಲೆ ಹಸಿರಾಗುತ್ತಿತ್ತು, ಎರಡನೆಯದಕ್ಕೆ ಹಳದಿ. ಒಬ್ಬರನ್ನು ಗುರಿಯಾಗಿಸಿ ನಕ್ಕಾಗ ಧ್ವನಿಯ ಏರಿಳಿತವೇ ಬೇರೆ, ಅದಕ್ಕೆ ಕೆಂಪು.

ವೈದ್ಯರಿಗೆ ನೆರವಾಗಲೆಂದು ಮಾಡಿದ ಸಾಧನವದು. ಮಂಕು ಕವಿದವರ ನಗುವಿನಲ್ಲಿ ಹಸಿರು ಯಾವಾಗ ಮರಳುತ್ತದೆಂದು ತಿಳಿಯಲಿ ಎಂಬುದು ಶಾಂಭವಿಯ ಆಸೆಯಾಗಿತ್ತು. ಪೇಟೆಗೆ ಬಂದದ್ದೇ ತಡ, ಜನ ಅದನ್ನು ತಮತಮಗೆ ಬೇಕಾದಂತೆ ಬಳಸಿದರು. ಕಚೇರಿಗಳಲ್ಲಿ ಸಾಹೇಬರು ಬಿಲ್ಲೆಯನ್ನು ಮೇಜಿನ ಮೇಲಿಟ್ಟುಕೊಂಡು ಮಾತಾಡತೊಡಗಿದರು. ಹುಬ್ಬಳ್ಳಿಯ ಬಸ್‌ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ 'ಹಸಿರು ನಗೆ ಕಲಿಸಲಾಗುವುದು' ಎಂಬ ಬೋರ್ಡು ಬಂತು. ಹೆಣ್ಣು ನೋಡಲು ಹೋಗುವವರು ಅವಲಕ್ಕಿ ತಟ್ಟೆಯ ಪಕ್ಕದಲ್ಲಿ ಬಿಲ್ಲೆ ಇಟ್ಟು, "ಸ್ವಲ್ಪ ನಗವಾ ತಂಗಿ" ಎಂದು ಹುಡುಗಿಯನ್ನು ಕೇಳತೊಡಗಿದರು. ಮನೆಮನೆಯಲ್ಲಿ ಸೊಸೆಯಂದಿರು ಅಡಿಗೆ ಮನೆಯಿಂದಾಚೆ ನಗುವುದನ್ನೇ ಕಡಿಮೆ ಮಾಡಿದರು.

ಆಮೇಲೆ ಬಂದದ್ದು ನಗರ ಸೌಜನ್ಯ ಮಂಡಳಿ. ಊರಿನಲ್ಲಿ ಅಪಮಾನ, ಗೇಲಿ, ಅದರಿಂದ ಜಗಳ ಹೆಚ್ಚಾಗಿವೆ ಎಂದು ಅದು ಎಲ್ಲ ಸಭಾಭವನ, ಕಲ್ಯಾಣಮಂಟಪಗಳ ಚಾವಣಿಗೆ ದೊಡ್ಡ ಬಿಲ್ಲೆಗಳನ್ನು ತೂಗುಹಾಕಿಸಿತು. ನಾಲ್ಕು ಜನರ ನಡುವೆ ಕೆಂಪು ನಗು ನಕ್ಕರೆ ತಪ್ಪು. ಕ್ಷಮೆ ಕೇಳದಿದ್ದರೆ ಕೊರಳಿಗೆ ಸಂಯಮ ಪಟ್ಟಿ. ನಗು ಗಂಟಲಲ್ಲಿ ಮೊಳೆಯುತ್ತಿದ್ದಂತೆಯೇ ಪಟ್ಟಿ ಚುರುಕ್ಕೆಂದು ಕಚ್ಚುತ್ತಿತ್ತು. ಜನ ಅದನ್ನು ನಾಯಿಪಟ್ಟಿ ಎನ್ನುತ್ತಿದ್ದರು, ಮೆಲ್ಲಗೆ.

ಹಳದಿಗೆ ಮಾತ್ರ ಯಾರ ತಕರಾರೂ ಇರಲಿಲ್ಲ. ಮಂಡಳಿಯ ಕೈಪಿಡಿಯಲ್ಲಿ ಹಳದಿಯ ಎದುರು 'ಉತ್ತಮ ನಡತೆ' ಎಂದು ಬರೆದಿತ್ತು.

ಶಿವಲೀಲಾ ಎಂಬವಳು ಪ್ರಯೋಗಾಲಯಕ್ಕೆ ಬಂದಾಗ ಶಾಂಭವಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬಾಗಿಲಲ್ಲೇ ನಿಂತು ಚಪ್ಪಲಿ ಬಿಟ್ಟಳು.

"ಬಾಯಾರ, ಆ ಬಿಲ್ಲೆ ಮಾಡಿದವ್ರು ನೀವ ಅಂತಲ್ರೀ?"

"ಹೌದವಾ. ಒಳಗ ಬಾ."

"ನಮ್ಮವ್ವಗ ನಾಯಿಪಟ್ಟಿ ಹಾಕ್ತಾರಂತ್ರಿ. ಸೋಮವಾರ ವಿಚಾರಣೆ. ಬಿಲ್ಲೆ ತಪ್ಪು ತೋರಿಸೈತಿ ಅಂತ ನೀವು ಒಂದ ಮಾತ ಹೇಳಿದ್ರ ಆಕಿ ಉಳೀತಾಳ."

ಅವಳ ತಾಯಿ ಗೌರವ್ವ ಹಳೇ ಹುಬ್ಬಳ್ಳಿಯವಳು. ಮದುವೆಗಳಲ್ಲಿ ಬೀಗರ ಹಾಡು ಹಾಡುವ ಹೆಂಗಸರ ಮೇಳಕ್ಕೆ ಅವಳೇ ಮುಂದಾಳು. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯ ಬೀಗರನ್ನು ಮುಖದೆದುರೇ ಹಾಡುಕಟ್ಟಿ ಗೇಲಿ ಮಾಡುವುದು, ಬೀಗರು ಅದನ್ನು ಕೂತು ಕೇಳಿ ಹಾಡಿದವಳ ಉಡಿಗೆ ಏನಾದರೂ ಹಾಕುವುದು, ಇದು ಆ ಕಡೆಯ ಮದುವೆಗಳಲ್ಲಿ ನಡೆದುಬಂದದ್ದು. ಆ ಹೊತ್ತಿನಲ್ಲಿ ಬೀಗ ಸಿಟ್ಟಾಗುವಂತಿಲ್ಲ. ಆದರೆ ಕಳೆದ ತಿಂಗಳ ಮದುವೆಯೊಂದರಲ್ಲಿ ಬಸವಂತಪ್ಪ ಎಂಬ ಬೀಗ ಸಿಟ್ಟಾಗಿದ್ದ. ಹಾಡು ಮುಗಿದು ಹೆಂಗಸರೆಲ್ಲ ನಕ್ಕಾಗ ಚಾವಣಿಯ ಬಿಲ್ಲೆ ಕೆಂಪಾಗಿತ್ತು. ಅವನು ನೇರ ಮಂಡಳಿಗೆ ಹೋಗಿದ್ದ.

"ಕ್ಷಮಾ ಕೇಳಿದ್ರ ಬಿಡ್ತಾರಲ್ಲ?" ಶಾಂಭವಿ ಕೇಳಿದಳು.

"ಕೇಳಂಗಿಲ್ಲ ಅಂತಾಳ್ರಿ. ಪಟ್ಟಿ ಬಿದ್ರ ಒಂದು ವರ್ಷ ಹಾಡಾಂಗಿಲ್ಲ. ಆಕಿ ಹಾಡ ಬಿಟ್ರ ಸಾಯ್ತಾಳ. ನಗೂದ ಬಿಟ್ರ ಅದಕ್ಕಿಂತ ಮೊದ್ಲ ಸಾಯ್ತಾಳ."

ಅವಳು ಹೋದ ಮೇಲೆ ಶಾಂಭವಿ ಮಂಟಪದ ಧ್ವನಿಮುದ್ರಣವನ್ನು ತರಿಸಿಕೊಂಡು ಕಿವಿಗೆ ಹಚ್ಚಿಕೊಂಡಳು. ಮೊದಲು ಗೌರವ್ವನ ಒರಟು ಕಂಠ:

*ನಗಿ ತೂಗಾಕ ಬಂದಾನ ನಮ್ಮ ಬೀಗಪ್ಪ*
*ಕಿಸೆದಾಗ ತಕ್ಕಡಿ ತಂದಾನ*
*ತನ್ನ ನಗಿ ತೂಗಂದ್ರ ನಮ್ಮ ಬೀಗಪ್ಪ*
*ಹಲ್ಲಿನ ಸೆಟ್ಟು ಮನಿಯಾಗ ಮರತಾನ*

ಹೆಣ್ಣು ನೋಡಲು ಬಂದಾಗ ಬಸವಂತಪ್ಪ ಆ ಹುಡುಗಿಯ ನಗುವನ್ನು ಬಿಲ್ಲೆಯಿಟ್ಟು ಮೂರು ಸಲ ಪರೀಕ್ಷೆ ಮಾಡಿದ್ದನಂತೆ. ಹಾಡು ನಿಂತದ್ದೇ ಹೆಂಗಸರ ನಗು ಒಡೆಯಿತು. ಶಾಂಭವಿ ಅದರ ಅಲೆಗಳನ್ನು ಪರದೆಯ ಮೇಲೆ ಬಿಡಿಸಿ ನೋಡಿದಳು. ಗುರಿಯಿಟ್ಟ ಏರಿಳಿತ ಇತ್ತು, ಸ್ಪಷ್ಟವಾಗಿ ಕೆಂಪು. ಆದರೆ ಅದರ ಕೆಳಗೆ, ಅದರ ಜೊತೆಗೇ, ತಡೆಯಲಾಗದೆ ದಬ್ಬಿಬಂದ ಉಸಿರೂ ಇತ್ತು. ಅದು ಹಸಿರು. ಎರಡೂ ಒಂದೇ ನಗು.

ಹೀಗೆ ಎರಡು ಬಣ್ಣ ಒಟ್ಟಿಗೆ ಬಂದರೆ ಏನು ಮಾಡುವುದೆಂಬ ಪ್ರಶ್ನೆ ಬಿಲ್ಲೆ ಮಾಡುವಾಗಲೇ ಬಂದಿತ್ತು. ಕೆಂಪೆಂದೇ ತೋರಿಸಬೇಕು ಎಂದು ಸಂಸ್ಥೆಯ ನಿರ್ದೇಶಕರು ಒಂದೇ ಮಾತಿನಲ್ಲಿ ಮುಗಿಸಿದ್ದರು; ಕೊಳ್ಳುವವರಿಗೆ ಬೇಕಾದದ್ದು ಅದೇ ಎಂದಿದ್ದರು. ಬಿಲ್ಲೆಗೆ ನಗು ಕಲಿಸಲು ಕೂಡಿಸಿದ ಧ್ವನಿಗಳೆಲ್ಲ ಕಚೇರಿಗಳವು, ನಾಟಕಗಳವು, ಉದ್ಯಾನದ ನಗೆಕೂಟಗಳವು. ಗಂಡಸರು ಯಾರೂ ಇಲ್ಲದ ಕೋಣೆಯಲ್ಲಿ ಹೆಂಗಸರು ಹೇಗೆ ನಗುತ್ತಾರೆಂದು ಯಾರೂ ಮುದ್ರಿಸಿರಲಿಲ್ಲ. ಮೈಕು ಹಿಡಿದು ಹೋದವರೆಲ್ಲ ಗಂಡಸರೇ.

ಮರುದಿನ ಶಾಂಭವಿ ಒಂದು ಬಿಲ್ಲೆಯನ್ನು ಚೀಲಕ್ಕೆ ಹಾಕಿಕೊಂಡು ಹಳೇ ಹುಬ್ಬಳ್ಳಿಗೆ ಹೋದಳು.

ಗೌರವ್ವನ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಗೋದಿ ಹಿಟ್ಟಿನ ಶಾವಿಗೆ ಹೊಸೆಯುತ್ತ ಕೂತಿದ್ದರು. ಗೌರವ್ವ ಎತ್ತರದ ಹೆಣ್ಣು, ಅರವತ್ತು ದಾಟಿತ್ತು, ಹಣೆಯ ತುಂಬ ವಿಭೂತಿ.

"ಬರ್ರಿ ಬಾಯಾರ. ನಮ್ಮ ನಗಿಗೆ ಬಣ್ಣ ಹಚ್ಚಿದವ್ರು ನೀವೇನು? ಹೋಳಿ ಹುಣ್ಣಿವಿ ಇನ್ನೂ ದೂರ ಐತಲ್ರಿ."

ಹೆಂಗಸರು ಕಿಸಕ್ಕೆಂದರು. ಶಾಂಭವಿ ನಾಚಿ ಮಣೆಯ ಮೇಲೆ ಕೂತಳು. ಒಬ್ಬಳು ಅವಳ ಕೈಗೂ ಹಿಟ್ಟಿನ ಉಂಡೆ ಕೊಟ್ಟಳು. ಶಾಂಭವಿ ಹೊಸೆದ ಎಳೆ ಬೆರಳಷ್ಟು ದಪ್ಪ ಬಂತು.

"ಅಯ್ಯ, ಇದು ಶಾವಿಗಿ ಅಲ್ಲವಾ, ದಾವಣಿ. ಎಮ್ಮಿ ಕಟ್ಟಾಕ ಬರ್ತೈತಿ," ಎಂದಳು ಎದುರಿನವಳು.

"ಎಮ್ಮಿ ಯಾಕ, ನಿನ್ನ ಗಂಡನ್ನ ಕಟ್ಟು. ದಿನಾ ಹೊತ್ತು ಮುಣಗಿದ್ಮ್ಯಾಲೆ ತಪ್ಪಿಸ್ಕೊಂಡು ಹೋಗ್ತಾನಲ್ಲ," ಎಂದಳು ಗೌರವ್ವ.

"ಕಟ್ಟೂದು ಖರೇ, ಮೇವು ಯಾರು ಹಾಕಬೇಕು?"

ಶಾಂಭವಿಗೆ ಏನಾಯಿತೆಂದು ತಿಳಿಯಲಿಲ್ಲ. ಹೊಟ್ಟೆಯ ಒಳಗಿನಿಂದ ಏನೋ ಎದ್ದು ಮೂಗಿನಲ್ಲಿ ಬಂತು, ಗೊರಕೆಯಂಥ ಸದ್ದಾಯಿತು, ಆಮೇಲೆ ಉಸಿರೇ ಸಿಗಲಿಲ್ಲ. ಕೈಯಲ್ಲಿದ್ದ ದಾವಣಿ ಹರಿದು ಮಡಿಲಿಗೆ ಬಿತ್ತು. ಅದನ್ನು ನೋಡಿ ಮತ್ತೆ ನಕ್ಕಳು. ಕಣ್ಣೊರೆಸಿಕೊಂಡು ನೋಡುತ್ತಾಳೆ, ಚೀಲದ ಬಾಯಿಯಿಂದ ಬಿಲ್ಲೆಯ ಬೆಳಕು ಕಾಣುತ್ತಿದೆ: ಹಸಿರು, ಕೆಂಪು, ಹಸಿರು, ಕೆಂಪು. ಯಾವುದೆಂದು ಹೇಳಲಾಗದೆ ಅದು ತಡಬಡಿಸುತ್ತಿತ್ತು.

ಇಷ್ಟು ವರ್ಷ ನಗುವನ್ನು ಅಳೆದವಳು ಅವಳು. ಜನ ತಮಾಷೆಗಿಂತ ಹೆಚ್ಚಾಗಿ ಜೊತೆಯವರಿಗಾಗಿ ನಗುತ್ತಾರೆಂದು ಪ್ರಬಂಧ ಬರೆದವಳು. ಆ ಮಾತಿನ ಅರ್ಥ ಮೈಗೆ ತಿಳಿದದ್ದು ಈಗ, ಹಿಟ್ಟು ಮೆತ್ತಿದ ಕೈಯಲ್ಲಿ ಪಕ್ಕೆ ಹಿಡಿದುಕೊಂಡು ಕೂತಾಗ.

ಹೆಂಗಸರು ಚಹಾ ಮಾಡಲು ಎದ್ದರು. ಶಾಂಭವಿ ಗೌರವ್ವನ ಹತ್ತಿರ ಸರಿದಳು.

"ನಿಮ್ಮ ನಗಿಯೊಳಗ ಹಸಿರೂ ಐತ್ರಿ. ಪ್ರೀತಿನೂ ಐತಿ ಅಂತ ನಾ ಮಂಡಳಿ ಮುಂದ ತೋರಿಸ್ತೀನಿ. ಬಿಲ್ಲೆ ಅದನ್ನ ಮುಚ್ಚಿಟ್ಟೈತಿ ಅಂತ ಹೇಳ್ತೀನಿ. ಬಿಟ್ಟಬಿಡ್ತಾರ ನಿಮ್ಮನ್ನ."

ಗೌರವ್ವ ಶಾವಿಗೆಯನ್ನು ಕೋಲಿನ ಮೇಲೆ ಹರವುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರ ಮ್ಯಾಲೆ ಪ್ರೀತಿ? ಆ ಬಸವಂತಪ್ಪನ ಮ್ಯಾಲೇನು?"

"ಹಂಗಂತ ಅಲ್ಲ..."

"ಬಾಯಾರ, ಆ ಹುಡುಗಿ ಮೂರು ಸಲ ಆ ಮುದುಕನ ಮುಂದ ಕೂತು ಹಲ್ಲ ತಗದು ನಕ್ಕಾಳ. ಅಕಿ ತಾಯಿ ಒಳಗ ನಿಂತು ಅತ್ತಾಳ. ಅವ್ರಿಬ್ರೂ ಬಾಯಿ ಬಿಡಾಂಗಿಲ್ಲ. ನಾ ಬಿಟ್ಟೆ. ಅಂವನ್ನ ನೋಡೇ ನಕ್ಕೀನಿ, ಅಂವಗ ತಾಕಲಿ ಅಂತ ನಕ್ಕೀನಿ. ನಕ್ಕಾಗ ನನಗ ಸುಖಾನೂ ಆತು. ಹಸಿರು ಅಂತ ಹೇಳಿ ನನ್ನ ಬಿಡಸಬ್ಯಾಡ್ರಿ. ಕೆಂಪೂ ನಂದ."

"ಒಂದು ವರ್ಷ ಪಟ್ಟಿ ಹಾಕ್ತಾರ."

"ಹಾಕಲಿ. ತಪ್ಪಾತು ಅಂದ್ರ ಆ ನಗಿ ಸುಳ್ಳಾಗತೈತಿ. ಹುಡುಗಿ ಮತ್ತ ಒಬ್ಬಾಕಿನ ಆಗ್ತಾಳ."

ಆ ಸಂಜೆ ಅಡಿಗೆ ಮನೆಯಲ್ಲಿ ಶಾಂಭವಿ ಬದನೆಕಾಯಿ ಸೀಳುತ್ತ ನಿಂತಿದ್ದಾಗ ವಿರೂಪಾಕ್ಷ ಬಂದು ನೀರು ಕುಡಿದ. ನಿರ್ದೇಶಕರು ಅವನಿಗೂ ಫೋನು ಮಾಡಿದ್ದರಂತೆ.

"ಯಂತ್ರ ಸರಿ ಐತಿ ಅಂತಷ್ಟ ಹೇಳಿ ಬರ್ಲಿ ಅಂದ್ರು. ಮಂಡಳಿ ವಿರುದ್ಧ ಒಂದು ಮಾತ ಬಂದ್ರೂ ನೌಕರಿ ಹೋಗ್ತೈತಿ ಅಂದ್ರು."

"ಗೊತ್ತೈತಿ."

"ಅಂಥಾದ್ದೇನಿತ್ತು ಆ ಹಾಡಿನ್ಯಾಗ?"

ಶಾಂಭವಿ ಚಾಕು ಕೆಳಗಿಟ್ಟು ಹಾಡಿದಳು. ಅವಳಿಗೆ ರಾಗ ಬಾರದು. ಆದರೆ ಬೀಗಪ್ಪ ಎನ್ನುವಾಗ ಗೌರವ್ವನಂತೆಯೇ ತಲೆ ಅಲುಗಿಸಿದಳು. ಹಲ್ಲಿನ ಸೆಟ್ಟಿಗೆ ಬಂದಾಗ ತನ್ನ ತುಟಿಗಳನ್ನು ಒಳಕ್ಕೆಳೆದುಕೊಂಡು ಬೊಚ್ಚುಬಾಯಿ ಮಾಡಿದಳು. ವಿರೂಪಾಕ್ಷ ನೀರು ಉಗುಳಿದ. ಒಲೆಯ ಕಟ್ಟೆ ಹಿಡಿದುಕೊಂಡು ಕೆಮ್ಮಿ ಕೆಮ್ಮಿ ನಕ್ಕ. ಈ ಮನೆಯಲ್ಲಿ ನಗಿಸುವುದು ಅವನ ಕೆಲಸ, ನಗುವುದು ಅವಳದು ಎಂದಾಗಿತ್ತು. ಅದನ್ನು ಯಾರು ಯಾವಾಗ ಹಂಚಿಕೊಟ್ಟರೋ. ಅವನ ನಗುವಿಗೆ ಯಾವ ಬಣ್ಣವೆಂದು ಹೇಳಲು ಬಿಲ್ಲೆ ಅಲ್ಲಿರಲಿಲ್ಲ. ಶಾಂಭವಿ ಅದನ್ನು ಲ್ಯಾಬಿನಲ್ಲಿ ಬಿಟ್ಟು ಬಂದಿದ್ದಳು.

"ನೀ ಇಷ್ಟು ಹುಚ್ಚಿ ಅಂತ ಗೊತ್ತಿರ್ಲಿಲ್ಲ," ಎಂದ ಅವನು ಬಾಯೊರೆಸಿಕೊಳ್ಳುತ್ತ.

"ನನಗೂ."

ಸೋಮವಾರ ಮಂಡಳಿಯ ಕಚೇರಿಗೆ ಗೌರವ್ವನ ಮೇಳದ ಹೆಂಗಸರೆಲ್ಲ ಟಂಟಂ ಗಾಡಿಗಳಲ್ಲಿ ಬಂದಿಳಿದರು. ಒಳಗೆ ಉದ್ದ ಮೇಜಿನ ಹಿಂದೆ ಅಧ್ಯಕ್ಷ ಶಿರಗುಪ್ಪಿಯವರು, ಅಕ್ಕಪಕ್ಕ ಇಬ್ಬರು ಸದಸ್ಯರು, ಬೆನ್ನ ಹಿಂದೆ ಫೈಲು ಹಿಡಿದ ಗುಮಾಸ್ತ. ಮೇಜಿನ ಮೇಲೊಂದು ಬಿಲ್ಲೆ. ಬಸವಂತಪ್ಪ ಈ ದಿನ ಹಲ್ಲಿನ ಸೆಟ್ಟು ಮರೆಯದೆ ಬಂದಿದ್ದ.

"ತಜ್ಞರು ಹೇಳ್ಬೇಕು," ಎಂದರು ಅಧ್ಯಕ್ಷರು. "ಯಂತ್ರ ತೋರಿಸಿದ್ದು ಸರಿಯೋ ತಪ್ಪೋ?"

ಶಿವಲೀಲಾ ಎರಡೂ ಕೈ ಜೋಡಿಸಿಕೊಂಡು ಶಾಂಭವಿಯನ್ನೇ ನೋಡುತ್ತಿದ್ದಳು. ಗೌರವ್ವನೂ ನೋಡುತ್ತಿದ್ದಳು, ಕೈಕಟ್ಟಿ.

"ಸರಿ ಐತ್ರಿ," ಎಂದಳು ಶಾಂಭವಿ. ಶಿವಲೀಲಾಳ ಮುಖ ಬಾಡಿತು. "ಅದು ಕೆಂಪು ನಗಿನ. ತಪ್ಪಿರೂದು ಯಂತ್ರದಾಗಲ್ಲ, ಕೆಂಪಂದ್ರ ಅಪರಾಧ ಅನ್ನೂದರಾಗ. ನಾವು ಊರ ತುಂಬ ನಗಿ ಕೂಡಿಸೀವಿ. ಹಳದಿ ನಗಿ ಯಾರದ್ದು ಅಂತ ನೋಡಿದ್ರ ಹೆಚ್ಚಿನವು ಹೆಣ್ಮಕ್ಕಳವು, ಕೈಕೆಳಗಿನವರವು. ದೊಡ್ಡವ್ರು ನಗಸ್ತಾರ, ಸಣ್ಣವ್ರು ನಗತಾರ. ಅದನ್ನ ನೀವು ಉತ್ತಮ ನಡತೆ ಅಂತ ಬರದೀರಿ. ನಾ ಅದನ್ನ ಅಂಜಿಕಿ ಅಂತ ಬರೀತಿದ್ದೆ. ಕೆಳಗಿದ್ದಾಕಿ ಮ್ಯಾಲಿದ್ದವನ್ನ ನೋಡಿ ನಗೂ ಜಾಗ ಬೀಗರ ಹಾಡಿನ್ಯಾಗ ಒಂದಿಷ್ಟು ಉಳದಿತ್ತು. ಅದನ್ನೂ ಮುಚ್ಚಾಕತ್ತೀರಿ."

"ನಿಮ್ಮನ್ನ ಭಾಷಣಕ್ಕ ಕರದಿಲ್ಲ," ಎಂದರು ಅಧ್ಯಕ್ಷರು. "ಗೌರವ್ವ, ಕ್ಷಮಾ ಕೇಳ್ತೀರೇನು?"

"ಇಲ್ರಿ."

"ಒಂದು ವರ್ಷ ಸಂಯಮ ಪಟ್ಟಿ."

ಮೂಲೆಯಲ್ಲಿ ಕೂತಿದ್ದ ಮಂಡಳಿಯ ತಂತ್ರಜ್ಞ ಪೆಟ್ಟಿಗೆ ಬಿಚ್ಚಿದ. ಕರಿಯ ಪಟ್ಟಿ, ಒಳಗಡೆ ಎರಡು ತಣ್ಣನೆಯ ಲೋಹದ ಚುಕ್ಕೆ. ಅದನ್ನು ಗೌರವ್ವನ ಕೊರಳಿಗೆ ಹಿಡಿದು ಅಳತೆ ನೋಡಿ, "ಈಗ ಒಮ್ಮೆ ನಗ್ರಿ," ಎಂದ.

"ಏನು?"

"ನಿಮ್ಮ ನಗುವಿನ ನಮೂನೆ ಬೇಕು. ಪಟ್ಟಿಗೆ ನಿಮ್ಮ ನಗು ಯಾವುದು ಅಂತ ಗೊತ್ತಾದ್ರನ ಅದು ತಡೀತದ. ಮಂಟಪದ ಮುದ್ರಣದಾಗ ಎಲ್ಲಾರ ಧ್ವನಿ ಕಲಸ್ಯಾವ, ಅದು ನಡೆಯೂದಿಲ್ಲ."

"ನಗಬಾರದು ಅಂತ ಪಟ್ಟಿ ಹಾಕೂದಕ್ಕ ನಾ ನಗಬೇಕು?"

"ಹೌದ್ರಿ."

ಗೌರವ್ವ ತಲೆ ಅಲ್ಲಾಡಿಸಿದಳು. "ನಗು ಬರವಲ್ದು."

ತಂತ್ರಜ್ಞ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು, "ಸುಮ್ಮನ ಹಹಹಾ ಅನ್ರಿ" ಎಂದರು. ಗೌರವ್ವ ಶಾಲೆಯ ಮಗ್ಗಿ ಒಪ್ಪಿಸುವಂತೆ, "ಹ. ಹ. ಹಾ," ಎಂದಳು. ಬಿಲ್ಲೆ ಹಳದಿಯಾಯಿತು. ಹಳದಿ ನಡೆಯುವುದಿಲ್ಲ ಎಂದ ತಂತ್ರಜ್ಞ. ತಾನಾಗಿ ಬಂದದ್ದೇ ಬೇಕು. ಒಬ್ಬ ಸದಸ್ಯ ತನ್ನ ಫೋನಿನಲ್ಲಿ ಮಂಗವೊಂದು ಟೋಪಿ ಕಸಿಯುವ ವಿಡಿಯೋ ತೋರಿಸಿದ. "ಪಾಪ, ಹಸದೈತಿ ಅದು," ಎಂದಳು ಗೌರವ್ವ. ಕೊನೆಗೆ ಅಧ್ಯಕ್ಷರೇ ಕೋಟು ಸರಿಮಾಡಿಕೊಂಡರು.

"ಕೇಳ್ರಿ. ಒಬ್ಬಾಂವ ಡಾಕ್ಟರ್ ಹತ್ರ ಹೋಗಿ, 'ನನಗ ಮರವು ಆಗೇತ್ರಿ' ಅಂದ. ಡಾಕ್ಟರ್ 'ಯಾವಾಗಿಂದ?' ಅಂತ ಕೇಳಿದ್ರು. ಅಂವ ಏನಂದ ಗೊತ್ತೇನು? 'ಏನು ಯಾವಾಗಿಂದ?' ಅಂದ!"

ಸದಸ್ಯರಿಬ್ಬರೂ ಘೊಳ್ಳೆಂದು ನಕ್ಕರು. ಗುಮಾಸ್ತ ನಕ್ಕ. ಬಸವಂತಪ್ಪನೂ ನಕ್ಕ. ಬಿಲ್ಲೆ ಸೇವಂತಿ ಹೂವಿನಂತೆ ಹಳದಿಯಾಗಿ ಉರಿಯಿತು.

ಗೌರವ್ವ ಮುಖ ಬಾಡಿಸಿಕೊಂಡು ಕೇಳಿದಳು: "ಆಮ್ಯಾಲೆ ಅಂವಗ ಕಮ್ಮಿ ಆತೇನ್ರಿ?"

ಬೆಂಚುಗಳ ಮೇಲೆ ಕೂತಿದ್ದ ಹೆಂಗಸರೆಲ್ಲರ ಸೆರಗು ಒಮ್ಮೆಲೇ ಬಾಯಿಗೆ ಹೋದವು. ಒಂದು ಸದ್ದಿಲ್ಲ. ಭುಜಗಳು ಮಾತ್ರ ಕುಣಿಯುತ್ತಿದ್ದವು. ಒಬ್ಬಳು ಮುಂದಿನ ಬೆಂಚಿಗೆ ಹಣೆ ಒತ್ತಿಕೊಂಡಿದ್ದಳು, ಇನ್ನೊಬ್ಬಳ ಕಣ್ಣಿಂದ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ಮಾವನವರು ಪಡಸಾಲೆಯಲ್ಲಿದ್ದಾಗ, ಬೀಗರು ಊಟಕ್ಕೆ ಕೂತಾಗ, ಗುರುಗಳು ಆಶೀರ್ವಾದ ಮಾಡುವಾಗ ಅವರೆಲ್ಲ ಕಲಿತ ವಿದ್ಯೆ ಅದು. ಬೆಂಚುಗಳು ಗಡಗಡ ಅಲುಗಿದವು. ಬಿಲ್ಲೆ ಕಪ್ಪಾಗಿ ಕೂತಿತ್ತು.

"ಇವ್ರು ನಗಾಕತ್ತಾರೇನು?" ಅಧ್ಯಕ್ಷರು ಶಾಂಭವಿಯನ್ನು ಕೇಳಿದರು.

"ಬಿಲ್ಲೆ ಇಲ್ಲ ಅಂತೈತ್ರಿ," ಎಂದಳು ಶಾಂಭವಿ. ತನ್ನ ಮುಖವನ್ನು ನೆಟ್ಟಗೆ ಇಟ್ಟುಕೊಳ್ಳಲು ಅವಳು ಕಾಲಬೆರಳುಗಳನ್ನು ಮಡಚಿ ಹಿಡಿದಿದ್ದಳು.

ಅಧ್ಯಕ್ಷರಿಗೆ ಬೆವರು ಬಂತು. "ನೀವು ತಜ್ಞರು. ಒಬ್ರನ್ನ ಖರೇ ನಗಸಬೇಕಂದ್ರ ಏನ್ ಮಾಡ್ಬೇಕು, ಅದನ್ನ ಹೇಳ್ರಿ."

"ಅಪ್ಪಣೆಗೆ ಬರೂದಲ್ರಿ ಅದು. ತಮ್ಮವ್ರ ನಡುವ ಇರ್ಬೇಕು. ಅಂಜಿಕಿ ಇರಬಾರದು."

"ಅಂದ್ರ?"

"ಅಂದ್ರ ನೀವು ಹೊರಗ ಹೋಗಬೇಕು, ಸಾಹೇಬ್ರ."

ಅಧ್ಯಕ್ಷರು ಗೋಡೆಯ ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು. ತಂತ್ರಜ್ಞ ಪಟ್ಟಿಯನ್ನು ಬಿಲ್ಲೆಗೆ ಜೋಡಿಸಿ ಶಾಂಭವಿಗೆ ಗುಂಡಿ ತೋರಿಸಿದ. ಗಂಡಸರೆಲ್ಲ ಸಾಲಾಗಿ ಹೊರಗೆ ನಡೆದರು. ಬಾಗಿಲು ಮುಚ್ಚಿತು.

ಬಿಲ್ಲೆಯ ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆ ಉರಿಯುತ್ತಿತ್ತು. ಅದು ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಶಾಂಭವಿ ಅದನ್ನು ನೋಡಿದಳು. ತನ್ನ ಕೈಯಾರೆ ಮಾಡಿದ್ದು. ಇದಕ್ಕೆ ಗೌರವ್ವನ ನಗು ಒಂದು ಸಲ ಸಿಕ್ಕರೆ ಆ ನಗು ಇನ್ನೊಂದು ವರ್ಷ ಬಾಯಿಗೆ ಬರುವುದಿಲ್ಲ. ತಾನು ಮಾಡಬೇಕಾದದ್ದು ಏನೂ ದೊಡ್ಡದಲ್ಲ, ಬೆರಳಿನ ಕೆಲಸ ಎಂದು ಅವಳಿಗೆ ಅನ್ನಿಸಿತು. ಹೋಗುವ ನೌಕರಿಯೂ ಕಣ್ಣ ಮುಂದೆ ಬಂತು, ಆ ಕೋಣೆ, ಆ ಪರದೆ, ಕಿಟಕಿಯ ಹತ್ತಿರದ ಅವಳ ಕುರ್ಚಿ. ಅವಳು ಬಿಲ್ಲೆಯನ್ನು ಎತ್ತಿ, ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಬಿಡಿಸಿ ಮೇಜಿನ ಮೇಲಿಟ್ಟಳು. ಬಿಳಿ ಚುಕ್ಕೆ ಆರಿತು.

"ಬಾಯಾರ," ಎಂದಳು ಗೌರವ್ವ ಮೆಲ್ಲಗೆ, "ಇದು ಯಾವಾಗಿಂದ?"

"ಏನು ಯಾವಾಗಿಂದ?" ಎಂದಳು ಶಾಂಭವಿ.

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲು ಬಾರದು. ಮೊದಲು ಗೌರವ್ವ ಒಡೆದಳು, ಕೊಡ ಒಡೆದಂತೆ. ಸೆರಗುಗಳೆಲ್ಲ ಬಾಯಿಂದ ಬಿದ್ದವು. ಒಬ್ಬಳು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಕೋಟು ಸರಿಮಾಡಿಕೊಂಡಳು. ಇನ್ನೊಬ್ಬಳು ಬೆಂಚಿನಿಂದ ಜಾರಿ ನೆಲಕ್ಕೆ ಕೂತಳು, ಅಲ್ಲಿಂದ ಏಳಲಾಗದೆ ಕೈ ಬೀಸಿದಳು. ಅಳುತ್ತಿದ್ದ ಶಿವಲೀಲಾ ಅಳುತ್ತಲೇ ನಗತೊಡಗಿದಳು. ಶಾಂಭವಿ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಅವಳ ನಗುವಿನಲ್ಲಿ ಅಧ್ಯಕ್ಷರಿದ್ದರು, ನಿರ್ದೇಶಕರಿದ್ದರು, ಇಷ್ಟು ವರ್ಷ ಗೋಡೆಗೆ ಮೆತ್ತಿಸಿಕೊಂಡ ಉಪ್ಪಿಟ್ಟಿತ್ತು, ತಾನೂ ಇದ್ದಳು. ಗುರಿ ಇತ್ತು, ಸುಖವೂ ಇತ್ತು. ಅದನ್ನು ಬಿಡಿಸಿ ನೋಡಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಬಾಗಿಲು ದಡಾರನೆ ತೆರೆಯಿತು. ಅಧ್ಯಕ್ಷರ ಕೈಯಲ್ಲಿ ಇನ್ನೂ ಅರ್ಧ ಚಪಾತಿಯಿತ್ತು.

"ಸಿಕ್ಕಿತಲ್ಲ ನಮೂನೆ?"

"ಇಲ್ರಿ," ಎಂದಳು ಶಾಂಭವಿ ಕಣ್ಣೊರೆಸಿಕೊಳ್ಳುತ್ತ.

"ಓಣಿ ತುಂಬ ಕೇಳಿಸ್ತು!"

"ನಕ್ಕದ್ದು ಖರೇ ಐತಿ. ಯಂತ್ರ ಬಂದ್ ಇತ್ತು. ನಾನ ಬಂದ್ ಮಾಡಿದ್ದೆ."

"ಯಾರ ಅಪ್ಪಣಿಯಿಂದ?"

"ನನ್ನ."

"ನೌಕರಿ ಇರಾಂಗಿಲ್ಲ, ತಿಳೀತೇನು?"

"ತಿಳದ ಮಾಡೀನ್ರಿ. ಆ ನಗು ನಿಮಗ ಕೊಡೂದಲ್ಲ."

ತಂತ್ರಜ್ಞ ಓಡಿಬಂದು ಬ್ಯಾಟರಿಯನ್ನು ಮತ್ತೆ ಕೂರಿಸತೊಡಗಿದ. ಅಧ್ಯಕ್ಷರು ಚಪಾತಿಯನ್ನು ಎಲ್ಲಿಡುವುದೆಂದು ತಿಳಿಯದೆ ಫೈಲಿನ ಮೇಲಿಟ್ಟರು. ನಮೂನೆಯಿಲ್ಲದೆ ಪಟ್ಟಿ ಹಾಕುವಂತಿರಲಿಲ್ಲ. ವಿಚಾರಣೆ ಮುಂದಿನ ಸೋಮವಾರಕ್ಕೆ, ಬೇರೆ ತಜ್ಞರನ್ನು ಕರೆಸಲಾಗುವುದು ಎಂದು ಅವರು ಸಾರಿದರು.

ಗೌರವ್ವ ಎದ್ದು ಸೆರಗು ಕೊಡವಿದಳು. ಪಟ್ಟಿಯನ್ನು ಎರಡು ಬೆರಳಿನಿಂದ ಎತ್ತಿ ಅಧ್ಯಕ್ಷರ ಮುಂದಿಟ್ಟಳು.

"ಬರ್ತೀವ್ರಿ ಸಾಹೇಬ್ರ. ಮುಂದಿನ ಸೋಮವಾರ ಬರ್ತೀವಿ, ಅದರಾಚಿ ಸೋಮವಾರನೂ ಬರ್ತೀವಿ. ಇನ್ನೂ ಒಂದಿಷ್ಟು ಮಂದಿನ್ನ ಕರಕೊಂಡ ಬರ್ತೀವಿ. ಬ್ಯಾರೆ ತಜ್ಞರನ್ನ ಕರಸ್ರಿ, ಬ್ಯಾರೆ ಪಟ್ಟಿ ತರಸ್ರಿ. ಆದ್ರ ಒಂದ ಮಾತು. ನೀವು ಬ್ಯಾರೆ ಜೋಕ್ ಕಲ್ತು ಬರ್ರಿ."

ಅಧ್ಯಕ್ಷರ ಬೆನ್ನ ಹಿಂದೆ ಯಾರದೋ ಮೂಗಿನಲ್ಲಿ ಸದ್ದಾಯಿತು. ತಂತ್ರಜ್ಞ ಆಗಷ್ಟೇ ಚಾಲೂ ಮಾಡಿದ್ದ ಬಿಲ್ಲೆ ಕೆಂಪಾಯಿತು.

ಹೆಂಗಸರು ಸುಮ್ಮನೆ ನಿಂತು ನೋಡಿದರು. ನಕ್ಕವರು ಯಾರೆಂದು ತಿಳಿಯಲು ಅಧ್ಯಕ್ಷರು ಒಮ್ಮೆ ಹಿಂದೆ ತಿರುಗಿದ್ದರೆ ಸಾಕಿತ್ತು. ಅವರು ತಿರುಗಲಿಲ್ಲ.